ಕೊಡಗಿನ ಬಾವಿ, ಬೋರ್‌ವೆಲ್ ನೀರಿನ ಗುಣ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಾವಿ ನೀರು ಕನ್ನಡಿಯಂತಿದೆ, ರುಚಿಯೂ ಚೆನ್ನಾಗಿದೆ. ಆದರೂ ಪರೀಕ್ಷೆ ಮಾಡಿಸಬೇಕೆ?

ಮಾಡಿಸಬೇಕು. ಕೊಡಗಿನ ಅಂತರ್ಜಲದ ತೊಂದರೆಗಳಲ್ಲಿ ಕಣ್ಣಿಗೆ ಬೀಳುವುದು ಕಬ್ಬಿಣವೊಂದೇ. ಹುಳಿತನ, ನೈಟ್ರೇಟ್, ಪೈಪಿನಿಂದ ಕರಗಿ ಬರುವ ಲೋಹ, ಮಲದ ಬ್ಯಾಕ್ಟೀರಿಯಾ ಯಾವುದಕ್ಕೂ ಬಣ್ಣವಿಲ್ಲ, ರುಚಿಯೂ ಗೊತ್ತಾಗುವುದಿಲ್ಲ.

ಬಯಲುಸೀಮೆಯ ನೀರಿನಲ್ಲಿ ಲವಣ ಹೆಚ್ಚಾಗಿ ತೊಂದರೆ. ಇಲ್ಲಿ ಲವಣ ತೀರಾ ಕಡಿಮೆಯಾಗಿ ತೊಂದರೆ. ಬೆಂಗಳೂರಿನ ನೆಂಟರ ಮನೆಯಲ್ಲಿ ಕಂಡ, ಪೊರೆಯಿಂದ ಸೋಸಿ ಲವಣ ತೆಗೆಯುವ ಆರ್‌ಒ ಯಂತ್ರ ಸೋಮವಾರಪೇಟೆಯ ತೋಟದ ಮನೆಗೆ ಹೊಂದಬೇಕೆಂದೇನೂ ಇಲ್ಲ. ಎಷ್ಟೋ ಸಲ ಅದು ಇರುವ ತೊಂದರೆಯನ್ನು ಹೆಚ್ಚಿಸುತ್ತದೆ.

ಇಲ್ಲಿನ ನೀರು ಹುಳಿ ಯಾಕೆ?

ಮಳೆ ಮತ್ತು ಕಲ್ಲು, ಎರಡೂ ಕಾರಣ. ಜಿಲ್ಲೆಯ ಅಡಿಗಲ್ಲು ಬಹುಪಾಲು ನೈಸ್ ಮತ್ತು ಚಾರ್ನೊಕೈಟ್ ಜಾತಿಯದು. ಸುಣ್ಣಕಲ್ಲು ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿ ಕಲ್ಲಿನ ಮೇಲೆ ಸಾವಿರಾರು ವರ್ಷ ಮಳೆಗೆ ತೊಳೆದು ಹೋದ ಕೆಂಪು ಮಣ್ಣು, ಜಂಬಿಟ್ಟಿಗೆ, ಅದರಡಿ ಜೇಡಿ ಇವೆ. ಕರಗಬಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದೋ ತೊಳೆದು ಹೋಗಿವೆ. ಉಳಿದಿರುವುದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸಿಲಿಕಾ.

ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ ಬೀಳುತ್ತದೆ. ಮಳೆನೀರು ತೋಟದ ತರಗೆಲೆ, ಬೇರು, ಕೊಳೆತ ಗೊಬ್ಬರದ ನಡುವೆ ಇಳಿಯುವಾಗ ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಆ ಆಮ್ಲವನ್ನು ತಣಿಸಲು ಕಲ್ಲಿನಲ್ಲಿ ಸುಣ್ಣವಿಲ್ಲ. ಫೆಲ್ಡ್‌ಸ್ಪಾರ್ ಖನಿಜ ನಿಧಾನಕ್ಕೆ ಕರಗಿ ಸ್ವಲ್ಪ ತಣಿಸುತ್ತದೆ, ಅಷ್ಟೆ. ನೀರು ಕಲ್ಲಿನ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಈ ತಣಿಸುವಿಕೆ ಮುಂದುವರಿಯುತ್ತದೆ. ಆಳದ ಬೋರ್‌ವೆಲ್ ನೀರು ತೆರೆದ ಬಾವಿಯದಕ್ಕಿಂತ ಕಡಿಮೆ ಹುಳಿಯಾಗಿರುವುದು ಇದರಿಂದಲೇ. ಗುಡ್ಡದ ಒರತೆ ನೀರಂತೂ ಹೆಚ್ಚುಕಡಿಮೆ ಮಳೆನೀರೇ.

ಕುಶಾಲನಗರದ ಕಡೆ ಇಳಿದರೆ ಲೆಕ್ಕ ಬೇರೆ. ಅಲ್ಲಿ ಮಳೆ 1,000 ಮಿ.ಮೀ. ಆಸುಪಾಸು, ನೀರು ಕಲ್ಲಿನಲ್ಲಿ ನಿಲ್ಲುವ ಕಾಲ ಹೆಚ್ಚು, ಲವಣವೂ ಗಡಸುತನವೂ ಹೆಚ್ಚು. ಈ ಪುಟದ ಹುಳಿ ನೀರಿನ ಮಾತುಗಳು ಮುಖ್ಯವಾಗಿ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಮತ್ತು ಸೋಮವಾರಪೇಟೆಯ ಮಲೆನಾಡು ಭಾಗಕ್ಕೆ ಅನ್ವಯಿಸುತ್ತವೆ.

ವರದಿಯಲ್ಲಿ ಪಿಎಚ್ 5.8 ಎಂದಿದೆ. ಕುಡಿಯಬಹುದೆ?

ಪಿಎಚ್ ಎಂದರೆ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 6.5ರಿಂದ 8.5, ಇದರಲ್ಲಿ ಸಡಿಲಿಕೆ ಇಲ್ಲ. 5.8ರ ಹುಳಿ ಹೊಟ್ಟೆಗೆ ನೇರವಾಗಿ ಏನೂ ಮಾಡದು, ನಿಂಬೆ ಪಾನಕ ಇದಕ್ಕಿಂತ ಎಷ್ಟೋ ಹುಳಿ. ಅಪಾಯವಿರುವುದು ನೀರು ಹಾದುಬರುವ ದಾರಿಯಲ್ಲಿ. ಹುಳಿ ನೀರು ಜಿಐ ಪೈಪಿನ ಸತು ಲೇಪನವನ್ನು, ಆಮೇಲೆ ಕಬ್ಬಿಣವನ್ನು ತಿನ್ನುತ್ತದೆ. ತಾಮ್ರದ ಗೀಸರ್ ಸುರುಳಿಯಿಂದ ತಾಮ್ರವನ್ನು, ಹಿತ್ತಾಳೆ ನಲ್ಲಿ ಮತ್ತು ಹಳೆಯ ಬೆಸುಗೆಯಿಂದ ಸೀಸವನ್ನು ಕರಗಿಸಿ ತರುತ್ತದೆ. ಸೀಸದ ಮಿತಿ ಲೀಟರಿಗೆ ಕೇವಲ 0.01 ಮಿ.ಗ್ರಾಂ.

ಗುರುತುಗಳು: ಬಚ್ಚಲಿನ ಬಿಳಿ ಬೇಸಿನ್ ಮೇಲೆ ನೀಲಿ-ಹಸಿರು ಕಲೆ ಕಂಡರೆ ತಾಮ್ರ ಕರಗುತ್ತಿದೆ. ಬೆಳಗ್ಗಿನ ಮೊದಲ ನೀರು ಮಾತ್ರ ಕೆಂಪಾಗಿ, ಎರಡು ನಿಮಿಷದಲ್ಲಿ ತಿಳಿಯಾದರೆ ಪೈಪು ಸವೆಯುತ್ತಿದೆ. ಸಿಮೆಂಟ್ ತೊಟ್ಟಿಯ ಒಳಗೋಡೆಯಲ್ಲಿ ಮರಳು ಉದುರಿ ಜಲ್ಲಿ ಕಾಣತೊಡಗಿದರೆ ಅದೂ ಇದರದೇ ಕೆಲಸ.

ಸರಿಪಡಿಸುವ ತನಕ ಬೆಳಗ್ಗೆ ಮೊದಲ ಎರಡು ನಿಮಿಷದ ನೀರನ್ನು ಗಿಡಕ್ಕೆ ಬಿಡಿ. ಗೀಸರಿನ ಬಿಸಿನೀರನ್ನು ಅಡುಗೆಗೆ ಬಳಸಬೇಡಿ. ಹುಳಿ ನೀರಿರುವ ಮನೆಗೆ ಜಿಐ ಪೈಪು ಬೇಡ; ಸೀಸ ಬಳಸದ ಯುಪಿವಿಸಿ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿಸಿ.

ಹುಳಿಯನ್ನು ಕಡಿಮೆ ಮಾಡುವುದು ಹೇಗೆ?

ಮೊದಲ ಹೆಜ್ಜೆಗೆ ಖರ್ಚೇ ಇಲ್ಲ: ನೀರಿಗೆ ಗಾಳಿ ಆಡಿಸುವುದು. ಕೊಡಗಿನ ಹುಳಿಯ ದೊಡ್ಡ ಪಾಲು ಕರಗಿದ ಇಂಗಾಲದ ಡೈಆಕ್ಸೈಡ್‌ನಿಂದ ಬಂದದ್ದು. ತೊಟ್ಟಿಗೆ ಬೀಳುವ ಪೈಪಿನ ತುದಿಗೆ ಸಣ್ಣ ತೂತುಗಳ ಅಡ್ಡ ಪೈಪು ಜೋಡಿಸಿ, ಅರ್ಧ ಮೀಟರ್ ಎತ್ತರದಿಂದ ಹನಿಹನಿಯಾಗಿ ಬೀಳುವಂತೆ ಮಾಡಿದರೆ ಅನಿಲ ಹಾರಿಹೋಗಿ ಪಿಎಚ್ ತಾನಾಗಿ ಏರುತ್ತದೆ. ತೊಟ್ಟಿಯ ಮುಚ್ಚಳದಲ್ಲಿ ಸೊಳ್ಳೆಪರದೆ ಹಾಕಿದ ಗಾಳಿಕಿಂಡಿ ಇರಬೇಕು, ಇಲ್ಲದಿದ್ದರೆ ಹಾರಿದ ಅನಿಲ ಒಳಗೇ ಉಳಿಯುತ್ತದೆ.

ಉಳಿದದ್ದಕ್ಕೆ ಸುಣ್ಣಕಲ್ಲು ಅಥವಾ ಅಮೃತಶಿಲೆಯ ಚೂರು. 2ರಿಂದ 5 ಮಿ.ಮೀ. ಗಾತ್ರದ ಚೂರುಗಳ ಪದರದಲ್ಲಿ ನೀರು ಸುಮಾರು 10 ನಿಮಿಷ ಹಾದು ಬರಬೇಕು. ಗಂಟೆಗೆ 500 ಲೀಟರ್ ಹರಿವಿದ್ದರೆ 80ರಿಂದ 85 ಲೀಟರ್ ಗಾತ್ರದ ಪದರ ಬೇಕು, ತೂಕದಲ್ಲಿ ಸುಮಾರು 120 ಕೆ.ಜಿ. ನೀರಿನಲ್ಲಿ ಲೀಟರಿಗೆ 40 ಮಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಉಳಿದಿದ್ದರೆ ಲೀಟರಿಗೆ 90 ಮಿ.ಗ್ರಾಂ ಕಲ್ಲು ಕರಗುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ವರ್ಷಕ್ಕೆ 16–17 ಕೆ.ಜಿ. ಹೊಸ ಚೂರು ತುಂಬಿದರೆ ಸಾಕು.

ಹೆಚ್ಚಿನವರು ಎಡವುವುದು ಕಲ್ಲನ್ನು ಆರಿಸುವಾಗ. ಅಂಗಡಿಯಲ್ಲಿ ಬಿಳಿ ಜಲ್ಲಿ ಎಂದು ಕೊಡುವುದು ಎಷ್ಟೋ ಸಲ ಸ್ಫಟಿಕ ಶಿಲೆ. ಅದು ನೂರು ವರ್ಷ ಕಳೆದರೂ ಕರಗುವುದಿಲ್ಲ. ಕೊಳ್ಳುವ ಮೊದಲು ಎರಡು ಹನಿ ವಿನೆಗರ್ ಬಿಡಿ, ನೊರೆ ಬಂದರೆ ಸುಣ್ಣಕಲ್ಲು. ಬಾವಿಗೇ ಸುಣ್ಣ ಸುರಿಯುವ ಹಳೆಯ ರೂಢಿ ತತ್ತ್ವದಲ್ಲಿ ಸರಿ, ಆದರೆ ಅಳತೆ ಕೈಗೆ ಸಿಗುವುದಿಲ್ಲ. ಮೊದಲ ವಾರ ಪಿಎಚ್ 10 ದಾಟಿ ತಿಂಗಳಲ್ಲಿ ಮತ್ತೆ 5.8ಕ್ಕೆ ಬರಬಹುದು.

ಬೋರ್ ನೀರು ಬರುವಾಗ ತಿಳಿ, ಗಂಟೆಯಲ್ಲಿ ಕೆಂಪು. ಏನಿದು?

ಕರಗಿದ ಕಬ್ಬಿಣ. ನೆಲದಡಿ ಆಮ್ಲಜನಕವಿಲ್ಲದ ಜಾಗದಲ್ಲಿ ಕಬ್ಬಿಣ ಬಣ್ಣವಿಲ್ಲದೆ ಕರಗಿರುತ್ತದೆ, ಗಾಳಿ ತಾಗಿದೊಡನೆ ತುಕ್ಕಾಗಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 1 ಮಿ.ಗ್ರಾಂ, 2012ರ ಮಾನಕದಲ್ಲಿ 0.3 ಇದ್ದದ್ದನ್ನು ಆಮೇಲೆ ತಿದ್ದಿದರು. ಬಟ್ಟೆಗೆ ಕಲೆಯಾಗಲು ಮಾತ್ರ 0.3 ಮೀರಿದರೆ ಸಾಕು. ಚಹಾ ಕಪ್ಪಗಾಗುವುದೂ ಇದರಿಂದಲೇ: ಚಹಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಶಾಯಿಯಂಥ ಬಣ್ಣ ಕೊಡುತ್ತದೆ.

ಬಾವಿ ಎಲ್ಲಿದೆ ಎನ್ನುವುದು ಇಲ್ಲಿ ದೊಡ್ಡ ಮಾತು. ಬಾಣೆಯ, ಅಂದರೆ ಗದ್ದೆಯ ಮೇಲ್ಗಡೆಯ ಗುಡ್ಡದ ಜಾಗದ, ಇಳಿಜಾರಿನಲ್ಲಿ ತೋಡಿದ ಬಾವಿಯಲ್ಲಿ ಕಬ್ಬಿಣ ಕಡಿಮೆ. ಅದೇ ಮನೆಯ ಕೆಳಗಿನ ಗದ್ದೆಯ ಬದಿಯಲ್ಲಿ ತೋಡಿದರೆ ಕಬ್ಬಿಣವೂ ಮ್ಯಾಂಗನೀಸೂ ಹೆಚ್ಚು, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಬೇರೆ. ಗದ್ದೆಯ ಕೆಸರಿನಲ್ಲಿ ಹುಲ್ಲು, ಬೇರು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಮುಗಿಸಿ, ಉಸಿರಾಟಕ್ಕೆ ಮಣ್ಣಿನ ಕಬ್ಬಿಣವನ್ನೇ ಬಳಸಿ ಅದನ್ನು ಕರಗಿಸುತ್ತವೆ. ಗದ್ದೆಯಲ್ಲಿ ನೀರು ಸುಲಭಕ್ಕೆ ಸಿಗುತ್ತದೆಂದು ಅಲ್ಲೇ ತೋಡುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೆಗೆಯುವ ಕ್ರಮ ಗಾಳಿ, ವಿರಾಮ, ಮರಳು. ಒಂದು ಮಿ.ಗ್ರಾಂ ಕಬ್ಬಿಣಕ್ಕೆ ಬೇಕಾದ ಆಮ್ಲಜನಕ 0.14 ಮಿ.ಗ್ರಾಂ ಮಾತ್ರ, ಗಾಳಿ ಆಡಿಸಿದರೆ ಅದು ಯಥೇಚ್ಛ ಸಿಗುತ್ತದೆ. ಹಾಗಿದ್ದರೂ ಕೊಡಗಿನಲ್ಲಿ ಎಷ್ಟೋ ಕಬ್ಬಿಣದ ಫಿಲ್ಟರುಗಳು ಸೋಲುವುದು ಹುಳಿಯಿಂದ. ಪಿಎಚ್ ಒಂದು ಅಂಕ ಇಳಿದರೆ ಕಬ್ಬಿಣ ತುಕ್ಕಾಗುವ ವೇಗ ಸುಮಾರು ನೂರು ಪಟ್ಟು ಇಳಿಯುತ್ತದೆ. ಪಿಎಚ್ 7ರಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ 6ರಲ್ಲಿ ದಿನಗಳೇ ಬೇಕಾಗಬಹುದು. ಕರಗಿಯೇ ಇರುವ ಕಬ್ಬಿಣ ಮರಳನ್ನು ದಾಟಿ ಬಂದು ನಿಮ್ಮ ಬಕೆಟ್ಟಿನಲ್ಲಿ ಕೆಂಪಾಗುತ್ತದೆ. ಫಿಲ್ಟರ್ ಕೆಟ್ಟಿದೆ ಎಂದು ಮರಳು ಬದಲಿಸಿ ಪ್ರಯೋಜನವಿಲ್ಲ, ಪಿಎಚ್ ಏರಿಸಬೇಕು.

ಮನೆಮಟ್ಟದ ಜೋಡಣೆ ಹೀಗೆ: ಮೇಲೆ ತೂತಿನ ಪೈಪಿನ ಸಿಂಪರಣೆ; ಅದರಡಿ ಸುಣ್ಣಕಲ್ಲಿನ ಚೂರಿನ ತಟ್ಟೆ; ನೀರು ಒಂದೆರಡು ಗಂಟೆ ನಿಲ್ಲುವ ತೊಟ್ಟಿ; ಕೊನೆಗೆ 90 ಸೆಂ.ಮೀ. ಅಗಲದ ಸಿಮೆಂಟ್ ರಿಂಗಿನಲ್ಲಿ 60 ಸೆಂ.ಮೀ. ಎತ್ತರಕ್ಕೆ 0.5ರಿಂದ 1 ಮಿ.ಮೀ.ನ ತೊಳೆದ ಮರಳು, ಅದರಡಿ 20 ಸೆಂ.ಮೀ. ಜಲ್ಲಿ. ಇದರಲ್ಲಿ ಗಂಟೆಗೆ 500 ಲೀಟರ್ ಧಾರಾಳವಾಗಿ ಇಳಿಯುತ್ತದೆ. ಹೊಸ ಮರಳು ಮೊದಲ ಎರಡು ಮೂರು ವಾರ ಪೂರ್ತಿ ಹಿಡಿಯುವುದಿಲ್ಲ. ಮರಳಿನ ಕಣಕ್ಕೆ ತುಕ್ಕಿನ ತೆಳು ಪದರ ಕೂತ ಮೇಲೆ ಆ ಪದರವೇ ಕಬ್ಬಿಣವನ್ನು ಹಿಡಿಯತೊಡಗುತ್ತದೆ. ಹಾಗಾಗಿ ಮರಳನ್ನು ಬಿಳಿಯಾಗುವ ತನಕ ತಿಕ್ಕಿ ತೊಳೆಯಬೇಡಿ. ಮೇಲಿನ 2–3 ಸೆಂ.ಮೀ. ಕೆರೆದು ತೆಗೆಯಿರಿ. ಸುಣ್ಣಕಲ್ಲಿಗೂ ತುಕ್ಕಿನ ಹೊದಿಕೆ ಕೂರುತ್ತದೆ, ಅದನ್ನು ಮಾತ್ರ ತಿಂಗಳಿಗೊಮ್ಮೆ ಕಲಕಿ ತೊಳೆಯಬೇಕು.

ಮ್ಯಾಂಗನೀಸ್ ಇದಕ್ಕಿಂತ ಹಠಮಾರಿ. ತೊಟ್ಟಿಯ ಗೋಡೆಯಲ್ಲಿ ಕರಿ ಮಸಿಯಂಥ ಪದರ ಕಂಡರೆ ಅದೇ. ಬರಿ ಗಾಳಿಗೆ ಅದು ಬಗ್ಗುವುದಿಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಮರಳು ಬೇಕಾಗುತ್ತದೆ.

ಬಾವಿಯ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ ತೇಲುತ್ತಿದೆ. ಡೀಸೆಲ್ ಸೇರಿದೆಯೆ?

ಕಡ್ಡಿಯಿಂದ ತಟ್ಟಿ ನೋಡಿ. ಗಾಜಿನಂತೆ ಚೂರುಚೂರಾದರೆ ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ಕಾಯಿಲೆ ತರುವುದಿಲ್ಲ. ಒಡೆದದ್ದು ಮತ್ತೆ ಕೂಡಿಕೊಂಡರೆ ಎಣ್ಣೆ. ಪಂಪಿನ ಸೀಲು ನೋಡಿಸಿ.

ಮಾರಾಟಗಾರರು ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟಾಗ ನಮ್ಮ ನೀರು ಕಂದು ಬಣ್ಣದ ಗಸಿಯಾಯಿತು. ಆರ್‌ಒ ನೀರು ಹಾಗಾಗಲಿಲ್ಲ. ಹಾಗಾದರೆ ಆರ್‌ಒ ಹಾಕಿಸಬೇಕಲ್ಲವೆ?

ಆ ಗಸಿ ನಿಮ್ಮ ನೀರಿನದಲ್ಲ, ಕಡ್ಡಿಯದು. ಕಡ್ಡಿಗಳಲ್ಲಿ ಒಂದು ಕಬ್ಬಿಣ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಕಡ್ಡಿ ಅಷ್ಟಾಗಿ ಕರಗುವುದಿಲ್ಲ. ಆ ಆರ್‌ಒ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಲು ಹೇಳಿ, ಅದೂ ಕಂದಾಗುತ್ತದೆ.

ಮಲೆನಾಡು ಭಾಗದ ಬಾವಿಗಳಲ್ಲಿ ಟಿಡಿಎಸ್, ಅಂದರೆ ಕರಗಿರುವ ಒಟ್ಟು ಲವಣ, ಸಾಮಾನ್ಯವಾಗಿ ಲೀಟರಿಗೆ 200 ಮಿ.ಗ್ರಾಂಗಿಂತ ಕೆಳಗೆ, ಎಷ್ಟೋ ಕಡೆ ನೂರಕ್ಕೂ ಕೆಳಗೆ. ಅಪೇಕ್ಷಿತ ಮಿತಿ 500. ಆರ್‌ಒ ಇಂಥ ನೀರಿನಲ್ಲಿರುವ ಅಲ್ಪಸ್ವಲ್ಪ ಕ್ಯಾಲ್ಸಿಯಂ, ಬೈಕಾರ್ಬನೇಟನ್ನೂ ತೆಗೆಯುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲ ಮಾತ್ರ ಪೊರೆಯನ್ನು ದಾಟಿ ಬರುತ್ತದೆ. ಹೊರಬರುವ ನೀರು ಮೊದಲಿಗಿಂತ ಹುಳಿ. ಗಡಸು ನೀರು ಮೆದು ಮಾಡುವ ಸಾಫ್ಟನರ್ ಕೂಡ ಇಲ್ಲಿ ವ್ಯರ್ಥ. ನೀರು ಈಗಾಗಲೇ ಮೆದು, ಕಬ್ಬಿಣವಿದ್ದರೆ ಅದರ ರೆಸಿನ್ ಬೇಗ ಹಾಳಾಗುತ್ತದೆ. ಪಿಎಚ್ ಸರಿಪಡಿಸಿ, ಕಬ್ಬಿಣ ತೆಗೆದು, ಕೊನೆಗೆ ಬ್ಯಾಕ್ಟೀರಿಯಾ ಕೊಲ್ಲುವ ಯುವಿ ದೀಪವೊಂದನ್ನು ಹಾಕಿದರೆ ಬಹುತೇಕ ಮನೆಗಳಿಗೆ ಸಾಕು. ಕಬ್ಬಿಣ 0.3 ಮೀರಿದ ನೀರಿಗೆ ನೇರವಾಗಿ ಯುವಿ ಹಾಕಬೇಡಿ. ದೀಪದ ಗಾಜಿನ ಕೊಳವೆಗೆ ತುಕ್ಕು ಕೂತು ಬೆಳಕು ನೀರಿಗೆ ತಲಪುವುದಿಲ್ಲ, ದೀಪ ಉರಿಯುತ್ತಿದ್ದರೂ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ನಿಮ್ಮ ನೀರಿನಲ್ಲಿ ನೈಟ್ರೇಟ್ ಮಿತಿಯನ್ನು, ಅಂದರೆ ಲೀಟರಿಗೆ 45 ಮಿ.ಗ್ರಾಂ, ಮೀರಿದ್ದರೆ ಮಾತ್ರ ಆರ್‌ಒ ಬಗ್ಗೆ ಯೋಚಿಸಬಹುದು.

ತೋಟದ ಗೊಬ್ಬರ ಬಾವಿಗೆ ಇಳಿಯುತ್ತದೆಯೆ?

ಸಾರಜನಕ ಇಳಿಯುತ್ತದೆ. ರಂಜಕ ಕೆಂಪು ಮಣ್ಣಿನ ಕಬ್ಬಿಣಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ, ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ತಾಮ್ರವೂ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆದ ಮೇಲೆ ಅದನ್ನು ಹಿಡಿದಿಡುವುದು ಏನೂ ಇಲ್ಲ. ಜೂನ್–ಜುಲೈಯ ಜಡಿಮಳೆಗೆ ಮುಂಚೆ ಒಂದೇ ಸಲ ಸುರಿದ ಗೊಬ್ಬರದ ದೊಡ್ಡ ಪಾಲು ಗಿಡಕ್ಕೆ ಸಿಗದೆ ಕೆಳಗಿಳಿಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಹೂವಾದ ಮೇಲೆ, ಮಳೆ ಬಿಡುವಾದಾಗ, ಮಳೆಗಾಲದ ನಂತರ ಎಂದು ಕಂತುಗಳಲ್ಲಿ ಕೊಡುವುದು ಗಿಡಕ್ಕೂ ಬಾವಿಗೂ ಒಳ್ಳೆಯದು. ಬಾವಿಯ ಸುತ್ತ, ಮುಖ್ಯವಾಗಿ ಮೇಲಿಳಿಜಾರಿನಲ್ಲಿ, 15 ಮೀಟರ್ ಜಾಗಕ್ಕೆ ಗೊಬ್ಬರವನ್ನೇ ಹಾಕಬೇಡಿ.

ನೈಟ್ರೇಟ್ ಬಂದದ್ದು ಗೊಬ್ಬರದಿಂದಲೋ ಶೌಚದ ಗುಂಡಿಯಿಂದಲೋ? ಬೇರೆ ಕಡೆ ಕ್ಲೋರೈಡ್ ನೋಡಿ ಶೌಚದ್ದೆಂದು ಊಹಿಸುತ್ತಾರೆ. ಕಾಫಿ ತೋಟದಲ್ಲಿ ಅದು ದಾರಿ ತಪ್ಪಿಸುತ್ತದೆ, ಯಾಕೆಂದರೆ ನಾವು ಹಾಕುವ ಪೊಟ್ಯಾಷ್ ಕೂಡ ಕ್ಲೋರೈಡೇ. ಮಲದ ಬ್ಯಾಕ್ಟೀರಿಯಾವಾದ ಇ. ಕೋಲಿ ಜೊತೆಗಿದ್ದರೆ ಗುಂಡಿ, ಹಟ್ಟಿ ಅಥವಾ ತೋಟದ ಕಾರ್ಮಿಕರ ಲೈನ್ ಮನೆಯ ಶೌಚಾಲಯದ ಮೇಲೆ ಸಂಶಯಪಡಿ.

ಮಿತಿ ಮೀರಿದ ನೈಟ್ರೇಟ್ ಆರು ತಿಂಗಳೊಳಗಿನ ಮಗುವಿಗೆ ಅಪಾಯ; ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟುತ್ತದೆ. ಬಾಟಲಿ ಹಾಲಿಗೆ ಆ ನೀರು ಬೇಡವೇ ಬೇಡ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಸಾಂದ್ರತೆ ಹೆಚ್ಚುತ್ತದೆ.

ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ) ಕಾಲದಲ್ಲಿ ಬಾವಿ ನೀರು ವಾಸನೆ ಬರುತ್ತದೆ, ಯಾಕೆ?

ಕಾಫಿ ಹಣ್ಣಿನ ಸಿಪ್ಪೆ, ಲೋಳೆ ತೊಳೆದ ನೀರು ಹುಳಿತು ಪಿಎಚ್ 4ರ ಹತ್ತಿರ ಬರುತ್ತದೆ, ಸಕ್ಕರೆಯೂ ತುಂಬಿರುತ್ತದೆ. ತಳ ಭದ್ರವಿಲ್ಲದ ಹೊಂಡದಿಂದ ಅದು ಇಂಗಿದಾಗ ಗದ್ದೆಯ ಕೆಸರಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಆಮ್ಲಜನಕ ಮುಗಿದು, ಕಬ್ಬಿಣ, ಮ್ಯಾಂಗನೀಸ್ ಕರಗಿ, ಗಂಧಕದ ವಾಸನೆ ಏಳುತ್ತದೆ. ಡಿಸೆಂಬರ್–ಜನವರಿಯಲ್ಲಿ ಮಾತ್ರ ಕೆಂಪಾಗುವ, ಬೇರೆ ಕಾಲದಲ್ಲಿ ತಿಳಿಯಾಗಿರುವ ಬಾವಿಯ ಮೇಲ್ಗಡೆ ಹೊಂಡ ಹುಡುಕಿ. ಹೊಂಡಕ್ಕೆ ಜೇಡಿ ಮೆತ್ತಿ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಸುಣ್ಣ ಹಾಕಿ ಹುಳಿ ತಣಿಸಬೇಕು. ಸಿಪ್ಪೆಯ ರಾಶಿಯನ್ನು ಬಾವಿಯಿಂದ ಇಳಿಜಾರಿನ ಕೆಳಗೆ, ಮಳೆ ತಾಗದಂತೆ ಗೊಬ್ಬರ ಮಾಡಬೇಕು.

ಫ್ಲೋರೈಡ್ ಭಯವಿದೆಯೆ?

ಮಲೆನಾಡು ಭಾಗದಲ್ಲಿ ಇಲ್ಲವೆನ್ನಬಹುದು. ಅದು ಹೆಚ್ಚುವುದು ಮಳೆ ಕಡಿಮೆಯಿದ್ದು, ಕ್ಷಾರ ನೀರು ಕಲ್ಲಿನಲ್ಲಿ ಬಹುಕಾಲ ನಿಂತಾಗ. ಪೂರ್ವದ ಒಣ ಅಂಚಿನಲ್ಲಿ ಆಳದ ಬೋರ್ ಕೊರೆಸಿದವರು ಒಮ್ಮೆ ನೋಡಿಸಿಕೊಳ್ಳಲಿ.

ಮಾದರಿ ತೆಗೆಯುವುದು ಹೇಗೆ? ಎರಡು ಕಡೆ ಕೊಟ್ಟರೆ ಎರಡು ಫಲಿತಾಂಶ ಬರುತ್ತದೆ.

ತಪ್ಪು ಹೆಚ್ಚಾಗಿ ಆಗುವುದು ಬಾಟಲಿಯಲ್ಲಿ. ಪಿಎಚ್ ಅನ್ನು ಬಾವಿಕಟ್ಟೆಯಲ್ಲೇ ನೋಡಬೇಕು. ಮಡಿಕೇರಿ ತಲಪುವಷ್ಟರಲ್ಲಿ ಅನಿಲ ಹಾರಿ 5.8 ಇದ್ದದ್ದು 6.6 ಆಗಬಹುದು, ವರದಿಯಲ್ಲಿ ನೀರು ಪಾಸಾಗುತ್ತದೆ. ಕಬ್ಬಿಣವೂ ದಾರಿಯಲ್ಲಿ ತುಕ್ಕಾಗಿ ಬಾಟಲಿಯ ಗೋಡೆಗೆ ಅಂಟುತ್ತದೆ, ವರದಿಯಲ್ಲಿ ಕಡಿಮೆ ಕಾಣುತ್ತದೆ. ಲೋಹಗಳ ಪರೀಕ್ಷೆಗೆ ಪ್ರಯೋಗಾಲಯದಿಂದಲೇ ನೈಟ್ರಿಕ್ ಆಮ್ಲ ಹಾಕಿದ ಬೇರೆ ಬಾಟಲಿ ಕೇಳಿ ಪಡೆಯಿರಿ, ಅದನ್ನು ತೊಳೆಯಬಾರದು.

ಬೋರ್‌ವೆಲ್ಲಾದರೆ ಕನಿಷ್ಠ 15 ನಿಮಿಷ ಪಂಪು ಓಡಿಸಿ, ತೊಟ್ಟಿಗೆ ಹೋಗುವ ಮುಂಚಿನ ನೀರು ಹಿಡಿಯಿರಿ. ಸಾಮಾನ್ಯ ಪರೀಕ್ಷೆಯ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠದ ತನಕ ತುಂಬಿ. ಬ್ಯಾಕ್ಟೀರಿಯಾಕ್ಕೆ ಕ್ರಿಮಿಶುದ್ಧ ಬಾಟಲಿ, ಐಸ್ ಡಬ್ಬ, ಸಾಧ್ಯವಾದರೆ ಆರು ಗಂಟೆಯೊಳಗೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಖಾಸಗಿ ಬಾವಿಯ ನೀರನ್ನೂ ಸಣ್ಣ ಶುಲ್ಕಕ್ಕೆ ಪರೀಕ್ಷಿಸುತ್ತಾರೆ. ವರ್ಷಕ್ಕೆ ಎರಡು ಸಲ ಮಾಡಿಸಿ: ಏಪ್ರಿಲ್–ಮೇಯಲ್ಲಿ ಲವಣ, ಕಬ್ಬಿಣ ಗೊತ್ತಾಗುತ್ತವೆ, ಮೊದಲ ದೊಡ್ಡ ಮಳೆಯಾದ ಮೇಲೆ ಬ್ಯಾಕ್ಟೀರಿಯಾ, ನೈಟ್ರೇಟ್.

ಪಂಚಾಯಿತಿಯಲ್ಲಿ ಸಿಗುವ ಎಚ್2ಎಸ್ ಶೀಶೆ ಮಲದ ಬ್ಯಾಕ್ಟೀರಿಯಾ ಇದ್ದರೆ 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆ. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ. ಶೀಶೆಯನ್ನು ಒಲೆಯ ಹತ್ತಿರದ ಬೆಚ್ಚಗಿನ ಕಪಾಟಿನಲ್ಲಿಡಿ, ಇಲ್ಲದಿದ್ದರೆ ಕೆಟ್ಟ ನೀರೂ ಒಳ್ಳೆಯದೆಂದು ತೋರುತ್ತದೆ.

ವರದಿಯಲ್ಲಿ ನೈಟ್ರೇಟ್ 12 ಎಂದಿದೆ. ಮಿತಿ 45 ತಾನೆ?

ಪಕ್ಕದ ಸಾಲು ಓದಿ. ನೈಟ್ರೇಟ್ ಎಂದೇ ಅಳೆದಿದ್ದರೆ 12 ಚಿಂತೆಯಿಲ್ಲ. ನೈಟ್ರೇಟಿನಲ್ಲಿರುವ ಸಾರಜನಕ ಎಂದು ಬರೆದಿದ್ದರೆ 4.43ರಿಂದ ಗುಣಿಸಬೇಕು: 53 ಆಯಿತು, ಮಿತಿ ದಾಟಿದೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಗುಡ್ಡ ಕುಸಿದು ಕೆಸರು ತುಂಬಿದ ಬಾವಿಗೆ?

ಮೊದಲು ನೀರು ಅಳೆಯಿರಿ. ಬಾವಿಯ ಅಗಲ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡೂವರೆ ಮೀಟರ್ ಅಗಲ, ನಾಲ್ಕು ಮೀಟರ್ ನೀರು ಎಂದರೆ ಸುಮಾರು 19,600 ಲೀಟರ್. ಮಾಮೂಲಿಗೆ 1,000 ಲೀಟರಿಗೆ 2.5 ಗ್ರಾಂ ಹೊಸ ಪೌಡರ್, ಅಂದರೆ ಇಲ್ಲಿ 50 ಗ್ರಾಂ. ಬಕೆಟ್ಟಿನಲ್ಲಿ ಪೇಸ್ಟ್ ಮಾಡಿ, ಮುಕ್ಕಾಲು ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ ಕಲಕಿ. ತಳದ ಸುಣ್ಣ ಬೇಡ. ಒಂದು ಗಂಟೆ ಬಿಟ್ಟು ನೋಡಿದಾಗ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಕಬ್ಬಿಣದ ನೀರು ಕ್ಲೋರಿನ್ ತಿಂದು ಕೆಂಪಾಗುತ್ತದೆ, ಅಲ್ಲಿ ಪೌಡರ್ ಹೆಚ್ಚು ಬೇಕು. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದೇ ಇಲ್ಲ.

2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಆದಂಥ ಕುಸಿತದ ನಂತರ ಪೌಡರನ್ನು ಕೆಸರಿನ ಮೇಲೆ ಎರಚುವುದರಿಂದ ಪ್ರಯೋಜನವಿಲ್ಲ. ಕ್ಲೋರಿನ್ ಮಣ್ಣಿನಲ್ಲೇ ಮುಗಿಯುತ್ತದೆ, ಕಣಗಳೊಳಗಿನ ಬ್ಯಾಕ್ಟೀರಿಯಾ ಬದುಕುತ್ತದೆ. ಮೊದಲು ನೀರು ಬತ್ತಿಸಿ ಹೂಳು ತೆಗೆಸಿ, ಬಾವಿಯ ಗೋಡೆ ತೊಳೆಸಿ. ಬತ್ತಿಸುವಾಗ ಅವಸರ ಬೇಡ. ಸುತ್ತಲ ಮಣ್ಣು ನೀರು ಕುಡಿದಿರುವಾಗ ಒಳನೀರು ಒಮ್ಮೆಲೇ ಇಳಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಇಳಿಯುವ ಮೊದಲು ಬಾವಿಯೊಳಗೆ ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಲ್ಲಲಿ. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆ ಕೊಲ್ಲುತ್ತದೆ.

ನೀರು ಮತ್ತೆ ತುಂಬಿದ ಮೇಲೆ ಲೀಟರಿಗೆ 50 ಮಿ.ಗ್ರಾಂ ಕ್ಲೋರಿನ್ ಬರುವಂತೆ, ಮೇಲಿನ ಬಾವಿಗೆ ಸುಮಾರು 3.3 ಕೆ.ಜಿ. ಪೌಡರನ್ನು ಹಲವು ಬಕೆಟ್ಟುಗಳಲ್ಲಿ ಕರಗಿಸಿ ಹಾಕಿ. 12 ಗಂಟೆ ಯಾರೂ ಮುಟ್ಟಬಾರದು. ಆಮೇಲೆ ವಾಸನೆ ಹೋಗುವ ತನಕ ಪಂಪು ಮಾಡಿ ಹೊರಗೆ ಬಿಡಿ. ಕೊಲ್ಲಿಗೆ (ತೊರೆಗೆ), ಮೀನಿನ ಕೆರೆಗೆ ಬಿಡಬೇಡಿ. ಪರೀಕ್ಷೆಯ ಫಲಿತಾಂಶ ಬರುವ ತನಕ ಕುದಿಸಿಯೇ ಕುಡಿಯಿರಿ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಆದರೂ ಒಂದು ನಿಮಿಷ ಕೊತಕೊತ ಕುದಿದರೆ ಸಾಕು.

ಬೋರ್ಡೋ ದ್ರಾವಣಕ್ಕೆ ಹುಳಿ ನೀರು ಆಗುತ್ತದೆಯೆ?

ಆಗುತ್ತದೆ, ಸುಣ್ಣದ ಅಳತೆಯನ್ನು ಕಣ್ಣುಮುಚ್ಚಿ ನಂಬದಿದ್ದರೆ. ಶೇ 1ರ ದ್ರಾವಣಕ್ಕೆ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹುಳಿ ನೀರು ಸ್ವಲ್ಪ ಸುಣ್ಣವನ್ನು ತಾನೇ ತಿನ್ನುತ್ತದೆ, ಹಳೆಯ ಸುಣ್ಣ ಮೊದಲೇ ಸತ್ವ ಕಳೆದುಕೊಂಡಿರುತ್ತದೆ. ತಾಮ್ರ ಬಿಡಿಯಾಗಿ ಉಳಿದರೆ ಕಾಳುಮೆಣಸಿನ ಎಳೆ ಎಲೆ ಸುಡುತ್ತದೆ. ಹೊಳಪಿರುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಲೇಪ ಕೂರದಾಗುವ ತನಕ. ಕಲಸಲು ಪ್ಲಾಸ್ಟಿಕ್ ಡ್ರಮ್ಮು ಬಳಸಿ. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರನ್ನು ಬಾವಿಕಟ್ಟೆಯಿಂದ ದೂರ, ಗಿಡದ ಬುಡಕ್ಕೆ ಚೆಲ್ಲಿ.